ಎಣ್ಣೆಹೊಳೆಯ ಅಕ್ಕ ಯಾರು?

ತಪ್ಪು ಕಲ್ಪನೆ: ತರೀಕೆರೆ ಬಳಿಯ ಎಣ್ಣೆಹೊಳೆಯಲ್ಲಿರುವುದು ಅಕ್ಕಮಹಾದೇವಿಯ ಗದ್ದುಗೆ.

ಸತ್ಯ: ಅಕ್ಕ ಎಂದೊಡನೆ ಉಡುತಡಿಯ ಮಹಾದೇವಿ ನೆನಪಾಗುವುದು ಸಹಜ, ಕಡೂರು, ಅಜ್ಜಂಪುರದವರೂ ಅದಕ್ಕೆ ಹೊರತಲ್ಲ. ಈ ಗದ್ದುಗೆ ಮಾತ್ರ ಅಕ್ಕನಾಗಮ್ಮನದು. ಬಸವಣ್ಣನ ಅಕ್ಕ, ಚೆನ್ನಬಸವಣ್ಣನ ತಾಯಿ. 1160ರ ದಶಕದ ಕೊನೆಯಲ್ಲಿ ಕಲ್ಯಾಣ ಬಿಟ್ಟು ಹೊರಟ ಶರಣರ ಜೊತೆ ನಡೆದು, ಕೊನೆಗೆ ಇಲ್ಲಿ ಐಕ್ಯಳಾದಳೆಂಬುದು ಐತಿಹ್ಯ.



 

ತಪ್ಪು ಕಲ್ಪನೆ: ನಾಗಮ್ಮ ಬರೀ ಅಕ್ಕ, ಬರೀ ತಾಯಿ.

ಸತ್ಯ: ಆಕೆ ವಚನಕಾರ್ತಿ. ಅಂಕಿತ 'ಬಸವಣ್ಣಪ್ರಿಯ ಚೆನ್ನಸಂಗಯ್ಯ'. ಅಲ್ಲೂ ತಮ್ಮನ ಹೆಸರೇ ಮುಂದೆ. ವಚನ ಸಂಪುಟ ತೆರೆದರೆ ತಲೆಬರಹಗಳು ಇನ್ನೂ ವಿಚಿತ್ರ: 'ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ', 'ಹಡಪದಪ್ಪಣ್ಣಗಳ ಪುಣ್ಯಸ್ತ್ರೀ ಲಿಂಗಮ್ಮ'. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲೂ ಗಂಡ ಮಾರಯ್ಯನಿದ್ದಾನೆ. ಅದೇ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದವಳೂ ಅವಳೇ! ಹೆಣ್ಣಿನ ಸ್ವಂತ ಕೆಲಸವನ್ನು ಹೀಗೆ ಮರೆಮಾಡುವುದು ನಮ್ಮಲ್ಲಿ ಮಾತ್ರ ನಡೆದದ್ದೇನಲ್ಲ. 1955ರಲ್ಲಿ ಅಮೆರಿಕದ ಮಾಂಟ್ಗೊಮೆರಿಯಲ್ಲಿ ಬಸ್ಸಿನ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಅವರನ್ನೂ ಬಹುಕಾಲ 'ದಣಿದ ದರ್ಜಿ ಹೆಂಗಸು' ಎಂದೇ ಹೇಳುತ್ತಿದ್ದರು. ಆಕೆ ಕರಿಯರ ಹಕ್ಕುಗಳ ಸಂಘಟನೆಯ ಸ್ಥಳೀಯ ಶಾಖೆಯಲ್ಲಿ ಕಾರ್ಯದರ್ಶಿಯಾಗಿ ವರ್ಷಗಟ್ಟಲೆ ದುಡಿದವರು.

ತಪ್ಪು ಕಲ್ಪನೆ: ಕಲ್ಯಾಣ ಹೊತ್ತಿ ಉರಿದದ್ದು ಜಾತಿಯ ಕಾರಣಕ್ಕೆ, ಹೆಣ್ಣು–ಗಂಡಿನ ಪ್ರಶ್ನೆಗೂ ಅದಕ್ಕೂ ಸಂಬಂಧವಿಲ್ಲ.

ಸತ್ಯ: ಶರಣರು ಕಲ್ಯಾಣ ಬಿಡುವಂತೆ ಮಾಡಿದ ಆ ಬೆಂಕಿಗೆ ಕಿಡಿಯಾಯಿತೆಂದು ಪರಂಪರೆ ಹೇಳುವ ಮದುವೆಯನ್ನೇ ನೋಡಿ. ಸಮಗಾರ ಹರಳಯ್ಯನ ಮಗ ಶೀಲವಂತ ವರ, ಬ್ರಾಹ್ಮಣ ಮಧುವರಸನ ಮಗಳು ಲಾವಣ್ಯ ವಧು. ಮೇಲ್ಜಾತಿಯ ಗಂಡು ಕೆಳಜಾತಿಯ ಹೆಣ್ಣನ್ನು ತಂದರೆ ಧರ್ಮಶಾಸ್ತ್ರ ಗೊಣಗುತ್ತಲೇ ಸಹಿಸಿಕೊಳ್ಳುತ್ತಿತ್ತು, ಅದು ಅನುಲೋಮ. ಇದು ತಿರುವುಮುರುವು. ಜಾತಿಯ ಬೇಲಿ ನಿಂತಿದ್ದದ್ದೇ ಹೆಣ್ಣಿನ ಮದುವೆಯ ಮೇಲಿನ ಕಾವಲಿನಿಂದ, ಹಾಗಾಗಿ ಸಿಟ್ಟು ನೆತ್ತಿಗೇರಿತು. ಶಿಕ್ಷೆ ಅಪ್ಪಂದಿರಿಗೆ, ಹುತಾತ್ಮರ ಪಟ್ಟವೂ ಅವರಿಗೇ. ಲಾವಣ್ಯಳನ್ನು ಕಥೆ ಹಸೆಮಣೆಯಲ್ಲೇ ಬಿಟ್ಟು ಮುಂದೆ ಹೋಗುತ್ತದೆ.