ಮುಪ್ಪಿನ ಕಣ್ಣು: ಪೊರೆಯಲ್ಲದ ಇನ್ನೊಂದು ಮಸುಕು

ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ತಾಳಗುಪ್ಪ, ಸಾಗರ, ಹೊಸನಗರ ಸೀಮೆಯ ಮನೆಗಳಲ್ಲಿ ಹಿರಿಯರ ಆರೈಕೆಯ ಭಾರವನ್ನು ಹೊತ್ತಿರುವರು. “ಅಜ್ಜಿಗೆ ಪೊರೆ ಬಂದಿದೆ, ಚೆನ್ನಾಗಿ ಬಲಿಯಲಿ, ಆಮೇಲೆ ತೆಗೆಸೋಣ” ಎಂಬ ಮಾತು ಇಂಥ ಮನೆಗಳಲ್ಲಿ ಕೇಳಿಬರುವುದುಂಟು. ಈ ಮಾತಿನಲ್ಲಿ ಅಡಗಿರುವ ಅಪಾಯವನ್ನು ಕುರಿತು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಎರಡು ಮಾತು ಅರಿಕೆ ಮಾಡಬಯಸುತ್ತೇನೆ.

ಪೊರೆಯೆಂಬುದು ಕಣ್ಣಿನೊಳಗಿನ ಮಸೂರವು ಮಬ್ಬಾಗುವ ರೋಗ. ಆ ಮಸೂರವನ್ನು ತೆಗೆದು ಕೃತಕ ಮಸೂರವನ್ನಿಟ್ಟರೆ ನೋಟವು ಸಾಮಾನ್ಯವಾಗಿ ಮರಳುವುದು. ಡಾಕ್ಟರ್ ಎಂ. ಸಿ. ಮೋದಿಯವರು (೧೯೧೬–೨೦೦೫) ಊರೂರುಗಳಲ್ಲಿ ಶಿಬಿರಗಳನ್ನು ನಡೆಸಿ ಅಸಂಖ್ಯ ಬಡವರ ಪೊರೆಯನ್ನು ತೆಗೆದು ಕನ್ನಡ ನಾಡಿಗೆ ಮಹೋಪಕಾರ ಮಾಡಿದರು. ಮುದುಕರ ಕಣ್ಣಿಗೆ ಪೊರೆಯಲ್ಲದೆ ಬೇರೆ ರೋಗವೇ ಇಲ್ಲವೆಂಬ ಭಾವನೆ ನಮ್ಮವರಲ್ಲಿ ಬೇರೂರಿದ್ದು ಬಹುಶಃ ಆ ಯಶಸ್ಸಿನಿಂದಲೇ ಇರಬೇಕು.

ಕಣ್ಣಿನ ಹಿಂಬದಿಯ ಒಳಗೋಡೆಗೆ ಅಕ್ಷಿಪಟಲವೆಂಬ ತೆಳುವಾದ ಪರದೆಯಿದೆ. ಅದರ ನಡುವೆ ಸುಮಾರು ೫ ಮಿಲಿಮೀಟರ್ ಅಗಲದ ಮ್ಯಾಕ್ಯುಲಾ ಎಂಬ ಸ್ಥಳವಿದೆ. ಓದುವುದು, ಸೂಜಿಗೆ ದಾರ ಪೋಣಿಸುವುದು, ಅಕ್ಕಿಯೊಳಗಿನ ಕಲ್ಲನ್ನು ಆರಿಸುವುದು, ಎದುರಿಗಿರುವವರ ಮುಖವನ್ನು ಗುರುತಿಸುವುದು ಇವೆಲ್ಲವೂ ಅಷ್ಟು ಕಿರಿದಾದ ಸ್ಥಳದ ಕೆಲಸ. ವಯಸ್ಸು ೫೦ ದಾಟಿದ ಮೇಲೆ ಕೆಲವರಲ್ಲಿ ಈ ಸ್ಥಳವು ಕ್ಷೀಣಿಸತೊಡಗುವುದು. ಆಗ ನೋಟದ ನಡುಭಾಗವು ಮಸುಕಾಗಿ, ಅಂಚು ಮಾತ್ರ ಉಳಿಯುವುದು. ಅಂಥವರು ಅಂಗಳದಲ್ಲಿ ಎಡವದೆ ನಡೆಯುವರು. ಮಗಳ ಮುಖವನ್ನು ಮಾತ್ರ ಗುರುತಿಸಲಾರರು. ಇದನ್ನು ಕಂಡು “ಬೇಕೆಂದೇ ಹೀಗೆ ಮಾಡುತ್ತಾರೆ” ಎಂದು ದೂರುವ ಮನೆಯವರೂ ಇದ್ದಾರೆ. ಇದು ಬಹಳ ಅನ್ಯಾಯ.

ಈ ರೋಗದಲ್ಲಿ ಎರಡು ಬಗೆ. ಒಣ ಬಗೆಯಲ್ಲಿ ಅಕ್ಷಿಪಟಲದ ಅಡಿಯಲ್ಲಿ ಕಶ್ಮಲವು ಶೇಖರವಾಗಿ, ವರ್ಷಗಟ್ಟಲೆ ಮೆಲ್ಲಮೆಲ್ಲನೆ ನೋಟ ಕುಂದುವುದು. ತೇವದ ಬಗೆ ಅಷ್ಟು ಸಾಮಾನ್ಯವಲ್ಲವಾದರೂ ಬಹು ಕ್ರೂರವಾದುದು. ಅಲ್ಲಿ ಹೊಸ ರಕ್ತನಾಳಗಳು ಹುಟ್ಟಿ ಒಸರುವುದರಿಂದ ಕೆಲವೇ ವಾರಗಳಲ್ಲಿ ನಡುನೋಟವು ಕೆಡಬಹುದು. ಇದನ್ನು ತಡೆಯಲು ಕಣ್ಣಿನೊಳಕ್ಕೆ ಕೊಡುವ ಚುಚ್ಚುಮದ್ದುಗಳು ಈಗ ಇವೆ. ಅವುಗಳನ್ನು ಅನೇಕ ಸಲ ಹಾಕಿಸಿಕೊಳ್ಳಬೇಕಾಗುವುದು. ಆದರೆ ಒಸರಿದ ಸ್ಥಳದಲ್ಲಿ ಕಲೆಗಟ್ಟಿದ ಮೇಲೆ ಯಾವ ಔಷಧದಿಂದಲೂ ಹೋದ ನೋಟ ಬಾರದು. ಪೊರೆ ಬಲಿಯಲೆಂದು ಕಾಯುವ ಮನೆಯಲ್ಲಿ ಕಳೆದುಹೋಗುವ ಕಾಲವು ಇದೇ.

ಒಂದು ಕಣ್ಣಿನ ದೋಷವನ್ನು ಇನ್ನೊಂದು ಕಣ್ಣು ಮುಚ್ಚಿಬಿಡುವುದರಿಂದ, ಒಂದೊಂದೇ ಕಣ್ಣನ್ನು ಅಂಗೈಯಿಂದ ಮರೆಮಾಡಿ ಪರೀಕ್ಷಿಸತಕ್ಕದ್ದು. ಸ್ವಿಟ್ಸರ್‌ಲೆಂಡಿನ ವೈದ್ಯರಾದ ಮಾರ್ಕ್ ಆಮ್ಸ್ಲರ್ ಎಂಬವರು ಇದಕ್ಕಾಗಿ ಚೌಕುಳಿ ಗೆರೆಗಳ ಹಾಳೆಯೊಂದನ್ನು ರೂಢಿಗೆ ತಂದರು. ಹಾಳೆ ಸಿಕ್ಕದಿದ್ದರೆ ಬಾಗಿಲ ಚೌಕಟ್ಟು, ಕಿಟಕಿಯ ಸರಳುಗಳನ್ನು ನೋಡಬಹುದು. ನಮ್ಮ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದ ನೇರವಾದ ಬಿಳಿಗೆರೆಗಳಾದರೂ ಆಗಬಹುದು. ಕನ್ನಡಕ ಹಾಕುವವರು ಅದನ್ನು ಹಾಕಿಕೊಂಡೇ ನೋಡಬೇಕು. ನೆಟ್ಟಗಿರುವ ಗೆರೆ ಡೊಂಕಾಗಿ ಕಂಡರೆ, ಅಥವಾ ನಡುವೆ ಅಳಿಸಿದಂತೆ ಕಂಡರೆ, ಅಡಿಕೆ ಕೊಯ್ಲು ಮುಗಿಯಲೆಂದು ಕಾಯದೆ ಕೂಡಲೇ ನೇತ್ರವೈದ್ಯರಲ್ಲಿಗೆ ಹೋಗಬೇಕು. ತಾಳಗುಪ್ಪದಿಂದ ಶಿವಮೊಗ್ಗಕ್ಕೆ ರೈಲಿದೆ. ಬೆಂಗಳೂರಿನಲ್ಲಿ ೧೮೯೬ರಲ್ಲಿ ಆರಂಭವಾದ ಮಿಂಟೋ ಕಣ್ಣಾಸ್ಪತ್ರೆಯಿದೆ. ಟಾರ್ಚು ಬಿಟ್ಟು ನೋಡಿದರೆ ಸಾಲದು. ಹನಿ ಹಾಕಿ, ಪಾಪೆಯನ್ನು ಹಿಗ್ಗಿಸಿ, ಅಕ್ಷಿಪಟಲವನ್ನು ನೋಡುವಂತೆ ಕೇಳಿಕೊಳ್ಳಿರಿ. ಆ ಹನಿಯಿಂದ ಕೆಲವು ಗಂಟೆಗಳ ಕಾಲ ಕಣ್ಣು ಮಂಜಾಗಿರುವುದರಿಂದ ಜೊತೆಗೊಬ್ಬರಿರುವುದು ಲೇಸು.

ವಯಸ್ಸನ್ನೂ ವಂಶವನ್ನೂ ನಾವು ತಿದ್ದಲಾರೆವು. ಬೀಡಿ ಸಿಗರೇಟುಗಳನ್ನು ಬಿಡಬಹುದು. ಸೇದುವವರಿಗೆ ಈ ರೋಗದ ಸಂಭವವು ಎರಡರಿಂದ ನಾಲ್ಕು ಪಟ್ಟು ಹೆಚ್ಚು. ರಕ್ತದೊತ್ತಡವನ್ನು ಹತೋಟಿಯಲ್ಲಿಡಬೇಕು. ಹಿತ್ತಲಿನ ಹರಿವೆ, ಬಸಳೆ, ನುಗ್ಗೆಸೊಪ್ಪುಗಳೂ, ತಿನ್ನುವವರಿಗೆ ಘಟ್ಟದ ಕೆಳಗಿನಿಂದ ಬರುವ ಬಂಗಡೆ ಮೀನೂ ಕಣ್ಣಿಗೆ ಹಿತ. ಅಂಗಡಿಯಲ್ಲಿ ಮಾರುವ ಕಣ್ಣಿನ ಗುಳಿಗೆಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ರೋಗವು ಮಧ್ಯಮ ಹಂತಕ್ಕೆ ಬಂದವರಲ್ಲಿ ಕೆಲವು ಜೀವಸತ್ವಗಳೂ ಸತುವೂ ಅದರ ಮುನ್ನಡೆಯನ್ನು ತಗ್ಗಿಸುವುವೆಂದು ಅಮೆರಿಕದ ಪ್ರಯೋಗವೊಂದರಿಂದ ೨೦೦೧ರಲ್ಲಿ ತಿಳಿದುಬಂದಿತು. ರೋಗವಿಲ್ಲದವರಿಗೆ ಅವುಗಳಿಂದ ರಕ್ಷಣೆ ದೊರೆಯುವುದೆಂಬುದು ಸಿದ್ಧವಾಗಿಲ್ಲ. ಅವುಗಳಲ್ಲೊಂದಾದ ಬೀಟಾ ಕೆರೊಟಿನ್ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರನ್ನು ಹೆಚ್ಚಿಸುವುದು.

ನೋಟ ಕುಂದಿದ ಕೆಲವರಿಗೆ ಇಲ್ಲದ ಮನುಷ್ಯರೂ ಹೂಬಳ್ಳಿಗಳೂ ಕಣ್ಣೆದುರಿಗೆ ಕಾಣುವುದುಂಟು. ಜಿನೀವಾದ ಪಂಡಿತ ಚಾರ್ಲ್ಸ್ ಬೊನೆ ೧೭೬೦ರಲ್ಲಿ ತನ್ನ ಅಜ್ಜನ ಇಂಥ ಅನುಭವವನ್ನು ಬರೆದಿಟ್ಟನು. ಇದು ಗಾಳಿಸೋಕಲ್ಲ, ಬುದ್ಧಿಭ್ರಮಣೆಯೂ ಅಲ್ಲ. ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಬಹುದು. ಉಳಿದ ನೋಟವನ್ನು ಬಳಸಲು ಪ್ರಕಾಶವಾದ ದೀಪ, ಭೂತಗನ್ನಡಿ, ದಪ್ಪ ಅಕ್ಷರದ ಸತ್ಯವೇದ ಇವು ಮನೆಯಲ್ಲಿರಲಿ. ಎದುರಿಗೆ ಬಂದಾಗ ನಿಮ್ಮ ಹೆಸರನ್ನು ಮೊದಲೇ ಹೇಳಿರಿ.