ಸಂಶೋಧನೆಯಲ್ಲಿ ಗುರುವಿನ ಹೊಣೆ

ಉತ್ತರ ತಿಳಿದಿರುವ ಪಾಠವನ್ನು ಬೋಧಿಸುವುದು ಶಾಲಾ ಉಪಾಧ್ಯಾಯರಾದ ನಮ್ಮ ಕೆಲಸ. ಗುರುವಿಗೂ ಉತ್ತರ ತಿಳಿಯದ ಪ್ರಶ್ನೆಯನ್ನು ಶಿಷ್ಯನಿಂದ ಬಿಡಿಸುವುದು ಡಾಕ್ಟರೇಟ್ ಮಾರ್ಗದರ್ಶಕರ ಕೆಲಸ. ಈ ಎರಡನೆಯದು ಎಷ್ಟು ಕಠಿನವೆಂಬುದಕ್ಕೆ ಬ್ಯಾಟರಿಗಳ ಸಂಶೋಧನೆ ಒಳ್ಳೆಯ ನಿದರ್ಶನ.

ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಬ್ಯಾಟರಿಯ ಎರಡು ಧ್ರುವಗಳ ನಡುವಿನ ವಸ್ತುವೇ ಎಲೆಕ್ಟ್ರೊಲೈಟ್. ಅದು ಅಯಾನುಗಳಿಗೆ ದಾರಿ ಬಿಡಬೇಕು, ಎಲೆಕ್ಟ್ರಾನುಗಳನ್ನು ತಡೆಯಬೇಕು. ಲಿಥಿಯಂ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಬಳಸುವ ದ್ರವವು ಬೆಂಕಿಗೆ ಬೇಗ ತುತ್ತಾಗುವಂಥದು. ಘನ ಎಲೆಕ್ಟ್ರೊಲೈಟಿನ ಅನ್ವೇಷಣೆಗೆ ಇದೂ ಒಂದು ಕಾರಣ. 1976ರಲ್ಲಿ ಅಮೆರಿಕದಲ್ಲಿ ಹಾಂಗ್ ಮತ್ತು ಜಾನ್ ಗುಡ್‌ಎನಫ್ ಅವರು ಸೋಡಿಯಂ ಅಯಾನುಗಳು ಸುಲಭವಾಗಿ ಚಲಿಸಬಲ್ಲ ಸ್ಫಟಿಕವೊಂದನ್ನು ವರ್ಣಿಸಿದರು. ಅದಕ್ಕೆ ನಾಸಿಕಾನ್ ಎಂದು ಹೆಸರಾಯಿತು. 1978ರಲ್ಲಿ ಫ್ರಾನ್ಸಿನ ಮಿಶೆಲ್ ಅರ್ಮಾಂಡ್ ಅವರು ಲವಣ ಬೆರೆತ ಪ್ಲಾಸ್ಟಿಕ್ಕನ್ನು ಬ್ಯಾಟರಿಗೆ ಬಳಸಬಹುದೆಂದು ಸೂಚಿಸಿದರು.

ಇಂಥ ಪ್ಲಾಸ್ಟಿಕ್ಕಿನಲ್ಲಿ ಒಂದಿಷ್ಟು ತೇವ ಉಳಿದರೂ ಅಯಾನುಗಳು ವೇಗವಾಗಿ ಓಡಿ, ಮಾಪಕ ಹೆಚ್ಚಿನ ಅಂಕಿ ತೋರಿಸುತ್ತದೆ. ತಿಂಗಳುಗಟ್ಟಲೆ ದುಡಿದ ಶಿಷ್ಯ ಹಿಗ್ಗುವುದು ಸಹಜ. ಆಗ "ಚೆನ್ನಾಗಿ ಒಣಗಿಸಿ ಮತ್ತೊಮ್ಮೆ ಅಳೆದು ನೋಡಿ" ಎನ್ನುವುದೇ ಗುರುವಿನ ಧರ್ಮ. ಆ ಮಾತು ನುಡಿಯದೆ ಪ್ರಬಂಧ ಅಚ್ಚಾದರೆ, ಅದನ್ನು ನಂಬಿ ಮುಂದೆ ಸಾಗುವ ಇತರರ ಶ್ರಮವೂ ವ್ಯರ್ಥ. ಲಿಥಿಯಂ ಲವಣಗಳನ್ನು ಆರ್ಗಾನ್ ಅನಿಲ ತುಂಬಿದ ಪೆಟ್ಟಿಗೆಯೊಳಗೆ ಕೈಗವಸಿನಿಂದ ನಿರ್ವಹಿಸುವುದು ಈ ತೇವದ ಭಯದಿಂದಲೇ.

ಗುರುವು ಶಿಷ್ಯನ ಹೆಸರನ್ನು ಮರೆಮಾಡಬಾರದು ಎಂಬುದು ಇನ್ನೊಂದು ಧರ್ಮ. ಟೆಕ್ಸಾಸಿನಲ್ಲಿ ಗುಡ್‌ಎನಫ್ ಅವರ ಶಿಷ್ಯರಾಗಿದ್ದ ಪಾಧಿ ಅವರು ಕಬ್ಬಿಣದ ಫಾಸ್ಫೇಟುಗಳನ್ನು ಶೋಧಿಸಿದರು. 1997ರ ಪ್ರಬಂಧದಲ್ಲಿ ಮೊದಲ ಹೆಸರು ಪಾಧಿ, ನಂತರ ನಂಜುಂಡಸ್ವಾಮಿ, ಕೊನೆಯದು ಗುರುವಿನದು. ಆ ವಸ್ತು ಇಂದು ವಿದ್ಯುತ್ ವಾಹನಗಳ ಬ್ಯಾಟರಿಗಳಲ್ಲಿ ಬಳಕೆಯಾಗುತ್ತಿದೆ. 2019ರಲ್ಲಿ ಗುಡ್‌ಎನಫ್ ಅವರಿಗೆ 97ರ ವಯಸ್ಸಿನಲ್ಲಿ ನೊಬೆಲ್ ಪಾರಿತೋಷಕ ಬಂತು. ಸ್ಟಾಕ್‌ಹೋಮಿನಲ್ಲಿ ಅವರ ಪರವಾಗಿ ಉಪನ್ಯಾಸ ನೀಡಿದವರು ಮಧುರೈಯಲ್ಲಿ ಓದಿ, ಒಮ್ಮೆ ಅವರ ಪ್ರಯೋಗಾಲಯದಲ್ಲಿ ದುಡಿದಿದ್ದ ಅರುಮುಗಂ ಮಂಥಿರಾಂ.

ನಮ್ಮ ಗಡಿನಾಡಿನ ಮಕ್ಕಳೂ ಇಂದು ದೂರದ ವಿಶ್ವವಿದ್ಯಾಲಯಗಳಿಗೆ ಹೊರಡುತ್ತಿದ್ದಾರೆ. ಹೆತ್ತವರು ವಿದ್ಯಾರ್ಥಿವೇತನವೆಷ್ಟು, ಉದ್ಯೋಗ ಯಾವಾಗ ಎಂದು ವಿಚಾರಿಸುವುದು ತಪ್ಪಲ್ಲ. ಅದರೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಪ್ರಯೋಗ ಕೈಕೊಟ್ಟ ದಿನ ಆ ಗುರುಗಳು ಶಿಷ್ಯರೊಡನೆ ಹೇಗೆ ಮಾತನಾಡುತ್ತಾರೆ? ಅವರ ಹಿಂದಿನ ವಿದ್ಯಾರ್ಥಿಗಳನ್ನು ಕಂಡು ಇದನ್ನು ತಿಳಿದುಕೊಳ್ಳುವುದು ಲೇಸು. ನಾಲ್ಕೈದು ವರ್ಷಗಳ ಯೌವನವನ್ನು ಒಬ್ಬರ ಕೈಗೆ ಒಪ್ಪಿಸುವಾಗ ಇಷ್ಟಾದರೂ ಎಚ್ಚರ ಬೇಡವೇ?