'ಕೆ' ಒತ್ತಿದರೆ 'ಕ' ಬರುವುದು ಹೇಗೆ?

ಕೀಲಿಮಣೆಯ ಮೇಲಿರುವುದು ಇಂಗ್ಲಿಷ್ ಅಕ್ಷರ. ನುಡಿ ತಂತ್ರಾಂಶದಲ್ಲಿ ಕನ್ನಡ ಮೂಡುವುದು ಹೇಗೆ?

ಕೀಲಿಗಳ ಕೆಳಗೆ ಅಡ್ಡ-ಉದ್ದ ತಂತಿಗಳ ಜಾಲವಿದೆ. ಒತ್ತಿದಾಗ ಎರಡು ತಂತಿ ಕೂಡುತ್ತವೆ. ಪುಟ್ಟ ಚಿಪ್ ಆ ಜಾಗ ಗುರುತಿಸಿ ಕಂಪ್ಯೂಟರಿಗೆ ಕಳಿಸುವುದು ಬರೀ ಸಂಖ್ಯೆ, ಅಕ್ಷರವಲ್ಲ. ಯುಎಸ್‌ಬಿ ಕೀಲಿಮಣೆಯಲ್ಲಿ 'ಕೆ'ಗೆ 14. ಬಸವನಗುಡಿಯ ಗುಡಿ ಮುಂದೆ ಚಪ್ಪಲಿ ಬಿಟ್ಟು ಪಡೆಯುವ ಟೋಕನ್ ಇದ್ದಂತೆ: ಆ ನಂಬರಿನ ಗೂಡಿನಲ್ಲಿ ಯಾವ ಜೋಡಿ ಇರಬೇಕೆಂದು ನಿರ್ಧರಿಸುವುದು ಕಾಯುವವರು.

ಇಲ್ಲಿ ಆ ಕೆಲಸ ಕನ್ನಡ ಗಣಕ ಪರಿಷತ್ತಿನ ನುಡಿಯದು. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಂತೆ ಅದು 14ಕ್ಕೆ 'ಕ' ಕೊಡುತ್ತದೆ, ಶಿಫ್ಟ್ ಜೊತೆಗಾದರೆ 'ಖ'. 'ಎಫ್' ಒತ್ತಿದರೆ ಒತ್ತಕ್ಷರಕ್ಕೆ ದಾರಿ: ಕೆ, ಎಫ್, ಕೆ ಸೇರಿ 'ಕ್ಕ'. ಇಷ್ಟೇ ಕೀಲಿಗಳಲ್ಲಿ ಇಡೀ ವರ್ಣಮಾಲೆ ಕೂರಿಸಿದ್ದು ಅಸಾಧಾರಣ ಜಾಣ್ಮೆ.

ಕೆಲವು ಕೀಲಿಮಣೆಗಳಲ್ಲಿ ಚಿಪ್ಪಿನೊಳಗಿನ ತಂತ್ರಾಂಶವನ್ನೂ ಬದಲಿಸಬಹುದು. ಮುಕ್ತ ಆಕರದ ಕ್ಯುಎಂಕೆ ತಂತ್ರಾಂಶ ತುಂಬಿದ ಕೀಲಿಮಣೆಯಲ್ಲಿ, ಕಿರುಬೆರಳು ನೋಯಿಸುವ ಶಿಫ್ಟನ್ನು ಹೆಬ್ಬೆರಳಿನ ಬಳಿಗೆ ತಂದುಕೊಳ್ಳಬಹುದು.